ತಾರಸಿಯ ಪೈಪಿನ ಬಾಯಿ

ರತ್ನಮ್ಮನವರಿಗೆ ಆ ಬಟ್ಟೆ ಒಗೆಯುವ ಮಶೀನನ್ನು ಕಂಡರೆ ಆಗುತ್ತಿರಲಿಲ್ಲ. ಮಗ ಚಂದ್ರಶೇಖರನನ್ನು ವಿಮಾ ಕಚೇರಿಯವರು ದಾವಣಗೆರೆಯಿಂದ ಅಹಮದಾಬಾದಿಗೆ ವರ್ಗ ಮಾಡಿದಾಗ ಅವನ ಹಿಂದೆಯೇ ಆ ಊರಿನ ಬೋಪಾಲ್ ಬಡಾವಣೆಯ ಈ ಮೂರನೇ ಮಹಡಿಗೆ ಬಂದವರು ಅವರು. ಗುಜರಾತಿ ಬಾರದು, ಹಿಂದಿ ಅಷ್ಟಕ್ಕಷ್ಟೇ. ಸೊಸೆ ನಳಿನಿ ಬೆಳಿಗ್ಗೆಯೇ ಅಡುಗೆ ಮುಗಿಸಿ ನವರಂಗಪುರದ ಕಾಲೇಜಿನ ಲೈಬ್ರರಿ ಕೆಲಸಕ್ಕೆ ಸ್ಕೂಟರ್ ಏರಿಬಿಡುತ್ತಿದ್ದಳು. ರತ್ನಮ್ಮನ ಪಾಲಿಗೆ ಉಳಿದದ್ದು ಬಟ್ಟೆ ಒಗೆಯುವುದೊಂದೇ. ಅಡುಗೆಮನೆಯ ಹಿಂದೆ, ಅಲ್ಲಿಯವರು ಚೋಕಡಿ ಎನ್ನುವ ಬಚ್ಚಲಿನಲ್ಲಿ ಕೂತು, ಮಧ್ಯಾಹ್ನದವರೆಗೂ ಉಜ್ಜಿ ಉಜ್ಜಿ ಒಗೆಯುತ್ತಿದ್ದರು. ಆಮೇಲೆ ಅವರ ಸೊಂಟ ಹಿಡಿದುಕೊಂಡಿತು. ಒಗೆತ ನಳಿನಿಯ ಪಾಲಿಗೆ ಬಂತು, ಸೋಪಿನ ನೀರಿಗೆ ಅವಳ ಅಂಗೈ ಬಿರಿದು ರಕ್ತ ಒಸರತೊಡಗಿತು. ಸೋಪು ಮುಟ್ಟಲೇಬೇಡಿ ಎಂದರು ಡಾಕ್ಟರು. ಆ ವರ್ಷದ ಯುಗಾದಿಗೆ ಮಶೀನು ಮನೆಗೆ ಬಂತು, ರತ್ನಮ್ಮನಿಗೆ ಮಾಡಲು ಏನೂ ಉಳಿಯಲಿಲ್ಲ.

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ರತ್ನಮ್ಮ ಸಂಡಿಗೆಗೆ ಕೈ ಹಾಕಿದರು. ಬಿಸಿಲೋ, ಸುಡುಬಿಸಿಲು. ತಾರಸಿಯಲ್ಲಿ ಹಳೆ ಸೀರೆ ಹಾಸಿ ಸಂಡಿಗೆ ಇಟ್ಟು ನೋಡಿದರೆ, ಪಕ್ಕದಲ್ಲೇ ಸೊಂಟದೆತ್ತರಕ್ಕೆ ಒಂದು ಪೈಪು ಆಕಾಶಕ್ಕೆ ಬಾಯಿ ತೆರೆದುಕೊಂಡು ನಿಂತಿದೆ. ಮೂಗು ಇಟ್ಟು ನೋಡಿದರು. ಶಿವ ಶಿವಾ! ಬಚ್ಚಲ ನಾತ. ತಿನ್ನುವ ಪದಾರ್ಥದ ಪಕ್ಕ ಇಂಥದ್ದೇ? ಗಾರೆಯವರು ಮುಚ್ಚಲು ಮರೆತಿರಬೇಕು ಎಂದುಕೊಂಡು, ಹರಿದ ಇಳಕಲ್ ಸೀರೆಯ ಸೆರಗನ್ನು ಉಂಡೆ ಮಾಡಿ ಪೈಪಿನ ಬಾಯಿಗೆ ತುರುಕಿ, ಮೇಲೊಂದು ಪ್ಲಾಸ್ಟಿಕ್ ಚೀಲ ಬಿಗಿದು, ನೆಮ್ಮದಿಯಾಗಿ ಕೆಳಗಿಳಿದರು.

ಅದಾದ ಮೇಲೆ ಶುರುವಾಯಿತು ಕೆಳಗಿನ ಮನೆಯ ಶಾರದಾಬೆನ್ ಗೋಳು. ಮೇಲೆ ಮಶೀನು ನೀರು ಬಿಟ್ಟಾಗಲೆಲ್ಲ ಅವರ ಚೋಕಡಿಯ ನೀರು ಇಳಿಯುವ ತೂತಿನ ಜಾಲಿಯಲ್ಲಿ ಗುಳುಗುಳು ಸದ್ದು, ಹಿಂದೆಯೇ ಮೂಗು ಮುಚ್ಚಿಕೊಳ್ಳುವಂಥ ನಾತ. ಮೂರು ವಾರ ಸಹಿಸಿ ಕಟ್ಟಡದ ಸೊಸೈಟಿ ಕಮಿಟಿಗೆ ಚೀಟಿ ಬರೆದರು. ಭಾನುವಾರದೊಳಗೆ ಮಶೀನು ತೆಗೆಯಬೇಕು ಎಂದು ಕಮಿಟಿ ಹೇಳಿ ಕಳಿಸಿತು. ನಳಿನಿಯ ಮುಖ ಸಣ್ಣಗಾಯಿತು. ರತ್ನಮ್ಮನಿಗೆ ಮಾತ್ರ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

“ನಾ ಆಗ್ಲೇ ಹೇಳ್ಲಿಲ್ವಾ? ಕೈಯಾಗೆ ಒಗ್ದ್ರೆ ಯಾವ ನಾತಾನೂ ಇಲ್ಲ, ಯಾವ ಚೀಟೀನೂ ಇಲ್ಲ” ಎಂದರು.

ಶನಿವಾರ ಬೆಳಿಗ್ಗೆ ಪ್ಲಂಬರ್ ಮಗನ್‌ಭಾಯ್ ಬಂದ. ಶಾರದಾಬೆನ್ ಮನೆಯ ಜಾಲಿ ಎತ್ತಿದ, ಬಗ್ಗಿ ನೋಡಿದ, ಮಶೀನಿನ ನೀರು ಬಿಡಿಸಿ ಕಿವಿಗೊಟ್ಟು ಕೇಳಿದ. ಆಮೇಲೆ ಮಹಡಿ ಹತ್ತಿ ಬಂದು, ರತ್ನಮ್ಮನ ಅಡುಗೆಮನೆಯ ಮೂಲೆಯಲ್ಲಿದ್ದ ಕಡಲೆಕಾಯಿ ಎಣ್ಣೆಯ ದೊಡ್ಡ ಡಬ್ಬವನ್ನು ತೋರಿಸಿ ಏನೋ ಹೇಳಿದ. ಎಂಟು ವರ್ಷದ ಮೊಮ್ಮಗಳು ನಿಶ್ಚಿತಾ ಅದನ್ನು ತನ್ನ ಅರೆಬರೆ ಕನ್ನಡಕ್ಕೆ ತಂದಳು.

“ಅಜ್ಜಿ, ಡಬ್ಬಾಕ್ಕೆ ದೋ ತೂತು ಯಾಕೆ ಅಂತ ಕೇಳ್ತಾರೆ.”

“ಒಂದೇ ತೂತು ಮಾಡಿದ್ರೆ ಎಣ್ಣೆ ಬೀಳಲ್ಲ ಕಣೇ. ಗಾಳಿ ಹೋಗಾಕೆ ಇನ್ನೊಂದು ಬೇಕು.”

“ಹಾಂ, ಪೈಪ್‌ಗೂ ಹಂಗೇ ಅಂತೆ. ನೀರು ಜೋರಾಗಿ ಕೆಳಗೆ ಹೋಗುವಾಗ ಮೇಲಿಂದ ಹವಾ ಬೇಕು. ಸಿಗ್ದಿದ್ರೆ ಶಾರದಾ ಆಂಟಿ ಮನೆ ಜಾಲಿ ಕೆಳಗೆ ನಿಂತಿರೋ ನೀರನ್ನ ಎಳ್ಕೊಂಡ್ಬಿಡ್ತದೆ. ಆ ನೀರೇ ವಾಸ್ನೆಗೆ ಬಾಗಿಲು. ಅದು ಹೋದ್ರೆ ವಾಸ್ನೆ ಸೀದಾ ಮನೆಗೆ!”

“ಗಾಳಿ ಎಲ್ಲಿಂದ ಬರತ್ತೆ?” ಎಂದು ನಳಿನಿ ಕೇಳಿದಳು.

ತಾರಸಿಯಿಂದ, ಅಲ್ಲಿ ಪೈಪಿನ ಬಾಯಿ ಯಾವಾಗಲೂ ತೆರೆದಿರುತ್ತದೆ, ಅದನ್ನು ಯಾವ ಹುಚ್ಚ ಮುಚ್ಚುತ್ತಾನೆ ಎಂದು ಮಗನ್‌ಭಾಯ್ ನಕ್ಕ, ನಿಶ್ಚಿತಾ ಅದನ್ನೂ ಕನ್ನಡಕ್ಕೆ ತಂದಳು. ಇದು ಪೈಪು ಸಣ್ಣದಾದ ತೊಂದರೆ, ಬೇರೆ ಹಾಕಲು ಶಾರದಾಬೆನ್ ಮನೆಯ ಗೋಡೆ ಒಡೆಯಬೇಕು, ಅದಕ್ಕೆ ಅವರು ಒಪ್ಪುವುದಿಲ್ಲ, ಮಶೀನು ತೆಗೆಯುವುದೇ ದಾರಿ ಎಂದು ಹೇಳಿ ಹೊರಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ರತ್ನಮ್ಮ ಸುಮ್ಮಸುಮ್ಮನೆ ಸೆರಗು ಸರಿಮಾಡಿಕೊಂಡರು.

ಬಾಯಿ ಬಿಡದಿದ್ದರೆ ಆಯಿತಲ್ಲ? ನಾಳೆ ಮಶೀನು ಹೋಗುತ್ತದೆ, ಚೋಕಡಿ ಮತ್ತೆ ತನ್ನದಾಗುತ್ತದೆ. ಹೀಗೆ ಲೆಕ್ಕ ಹಾಕುತ್ತಾ ಕೂತವರಿಗೆ ನೀರಿನ ಸದ್ದು ಕೇಳಿಸಿತು. ನಳಿನಿ ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮಗಳ ಶಾಲೆಯ ಬಿಳಿ ಅಂಗಿ ಉಜ್ಜುತ್ತಿದ್ದಳು. ಒಂದು ಚೀಲ ಹರಿದಿತ್ತು, ನೊರೆ ಕೆಂಪಗಾಗಿತ್ತು.

“ಕೊಡಿಲ್ಲಿ, ನಾ ಒಗೀತೀನಿ.”

“ಬೇಡ ಅತ್ತೆ. ನಿಮ್ಗೆ ಸೊಂಟ ಹಿಡಿಯತ್ತೆ. ನಾಳೆಯಿಂದ ದಿನಾ ಇದ್ದದ್ದೇ ತಾನೆ, ರೂಢಿ ಆಗ್ಲಿ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಕಂಡದ್ದೇ. ಆದರೆ ಇಲ್ಲಿ ಬರೆ ಬೀಳುತ್ತಿದ್ದದ್ದು ಈ ಹುಡುಗಿಯ ಅಂಗೈಗೆ. ರತ್ನಮ್ಮ ಸುಡುವ ತಾರಸಿಗೆ ಹೋಗಿ ಚೀಲ ಬಿಚ್ಚಿ, ಸೆರಗಿನ ಉಂಡೆಯನ್ನು ಕಿತ್ತರು. ಪೈಪು ಉಸಿರು ಎಳೆದುಕೊಂಡಿತು. ಅಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಕಮಿಟಿಯ ಮಾತು ಹಾಗೆಯೇ ನಿಂತಿತ್ತು, ಕಾರಣ ಗೊತ್ತಾಗದೆ ಅದನ್ನು ಯಾರೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಮೊಮ್ಮಗಳನ್ನು ಕರೆದುಕೊಂಡು, ನಾರುವ ಉಂಡೆಯನ್ನು ಕೈಯಲ್ಲಿ ಹಿಡಿದು, ಶಾರದಾಬೆನ್ ಬಾಗಿಲು ತಟ್ಟಿದರು.

“ಹೇಳು ಪುಟ್ಟಿ, ಪೈಪು ಮುಚ್ಚಿದ್ದು ನಾನು. ಸಂಡಿಗೆಗೆ ನಾತ ಬಡೀತದೆ ಅಂತ. ಮಶೀನಿಂದು ಏನೂ ತಪ್ಪಿಲ್ಲ.”

ನಿಶ್ಚಿತಾ ಹೇಳಿದಳು. ಶಾರದಾಬೆನ್ ಉಂಡೆಯನ್ನೂ ಮುದುಕಿಯನ್ನೂ ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಅಷ್ಟರಲ್ಲಿ ಅತ್ತೆ ಎಲ್ಲಿ ಹೋದರೆಂದು ಹುಡುಕುತ್ತಾ ನಳಿನಿ ಮೆಟ್ಟಿಲಿಳಿದು ಬಂದಳು. ರತ್ನಮ್ಮ ಅವಳನ್ನು ನೋಡಿದರು, ಆದರೂ ನಿಲ್ಲಿಸಲಿಲ್ಲ.

“ಇದ್ನೂ ಹೇಳು. ಮಶೀನು ಹೋಗ್ತದೆ ಅಂದಾಗ ನಂಗೆ ಖುಷಿ ಆಗಿತ್ತು. ಅದು ಬಂದ್ಮೇಲೆ ಈ ಮನ್ಯಾಗೆ ನಾ ಯಾತಕ್ಕೂ ಬೇಡಾದೆ.”

ನಿಶ್ಚಿತಾ ಅಮ್ಮನ ಮುಖ ನೋಡಿದಳು. ಆ ಮಾತನ್ನು ಅವಳು ಗುಜರಾತಿಗೆ ತರಲಿಲ್ಲ.

“ಬಾ, ಆ ಚೀಟಿಯನ್ನು ನಾನೇ ಹರಿದು ಹಾಕಿಸುತ್ತೇನೆ” ಎಂದು ಶಾರದಾಬೆನ್ ಗುಜರಾತಿಯಲ್ಲಿ ಹೇಳಿದರು. ಅಲ್ಲಿ ಅಮ್ಮನಿಗೆ, ಹಿರಿಯ ಹೆಂಗಸಿಗೆ ಬಾ ಎನ್ನುತ್ತಾರೆ. ಹೇಳುವಾಗ ಮೂಗಿಗೆ ಸೆರಗು ಒತ್ತಿಕೊಂಡೇ ಇದ್ದರು.

ಮನೆಗೆ ಬಂದ ಮೇಲೆ ನಳಿನಿ ಕೈಗೆ ಕಟ್ಟಿದ್ದ ಚೀಲಗಳನ್ನು ಬಿಚ್ಚುತ್ತಾ ನಿಂತಳು. ಬೈದಾದರೂ ಬೈಯಬಾರದೇ ಎಂದು ರತ್ನಮ್ಮನಿಗೆ ಅನ್ನಿಸಿತು.

“ನಾನು ಐದು ಗಂಟೆಗೆ ಎದ್ದು ಮಶೀನ್ ಹಾಕ್ತಿದ್ದೆ ಅತ್ತೆ” ಎಂದಳು ಕೊನೆಗೆ. “ನೀವು ಏಳೋಷ್ಟರಲ್ಲಿ ಮುಗಿದಿರ್ಲಿ, ನಿಮಗೆ ಒಂದು ಕೆಲ್ಸಾನೂ ಉಳೀಬಾರ್ದು ಅಂತ. ಅದೇ ನಿಮಗೆ ನೋವಾಗತ್ತೆ ಅಂತ ನಂಗೆ ತಿಳೀಲಿಲ್ಲ.”

ರತ್ನಮ್ಮ ಎದ್ದು ಚೋಕಡಿಗೆ ಹೋದರು. ಒದ್ದೆ ಅಂಗಿಯನ್ನು ಹಿಂಡಿ ಮಶೀನಿನೊಳಗೆ ಹಾಕಿದರು. ಅವರು ಅದನ್ನು ಮುಟ್ಟಿದ್ದು ಅದೇ ಮೊದಲು.

“ಯಾವ ಗುಂಡಿ ತಿರುಗ್ಸಾದು, ತೋರ್ಸು. ಕೈ ತೋರಿಸಿದ್ರೆ ಸಾಕು, ಮುಟ್ಟಬ್ಯಾಡ” ಎಂದರು. “ನಾಳೆಯಿಂದ ನೀನು ಏಳು ಗಂಟೆ ತಂಕ ಮಲಗು. ಇದು ನನ್ನ ಕೆಲಸ.”