ಮಿಸ್ಸಿ ಬಣ್ಣದ ಮೂರು ಹಲ್ಲು

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಹಿಂದ, ಎಣ್ಣಿ ಗಾಣದ ಬಾಜೂಕ ಚನ್ನಬಸಯ್ಯನ ಹಲ್ಲಿನ ದವಾಖಾನಿ ಇತ್ತು. ದವಾಖಾನಿ ಅಂದ್ರ ದೊಡ್ಡದೇನಲ್ಲ ಬಿಡ್ರಿ. ಒಂದು ಖೋಲಿ, ಒಂದು ತಿರುಗೋ ಕುರ್ಚಿ, ಕಾಲಿಲೆ ತುಳಿಯೋ ಒಂದು ಮಷೀನು. ಜಂಗಮರ ಮನಿ ಮನಷಾ, ಮಠದಾಗ ಕೂತು ವಿಭೂತಿ ಕೊಡೋದು ಬಿಟ್ಟು ಮುಂಬಯಿಗೆ ಹೋಗಿ, ಒಬ್ಬ ಪಾರಸಿ ಡಾಕ್ಟರನ ಕೈ ಕೆಳಗ ಹನ್ನೊಂದು ವರ್ಷ ಹಲ್ಲು ಕಟ್ಟೋದು ಕಲತು ಬಂದಿದ್ದ. ಊರಾನ ಮಂದಿ ಮೊದಮೊದಲ "ಅಯ್ಯಗೋಳು ಮಂದಿ ಎಂಜಲ ಬಾಯಾಗ ಕೈ ಹಾಕ್ತಾರಂತ, ಶಿವ ಶಿವಾ" ಅಂತ ಮೂಗು ಮುರದ್ರು. ತಮ್ಮ ಹಲ್ಲು ಸೆಳಿಯಾಕತ್ತ ಮ್ಯಾಲ ಅದ ಮಂದಿ ಗಲ್ಲ ಹಿಡಕೊಂಡು ಓಡಿ ಬಂದ್ರು. ಸಿಂದಗಿಯಿಂದ, ಬಾಗೇವಾಡಿಯಿಂದ, ಅತ್ತ ಇಂಡಿಯಿಂದ ಸೈತ ಬಸ್ ಹತ್ತಿ ಬರತಿದ್ರು.

ಚನ್ನಬಸಯ್ಯಂದು ಒಂದ ಹಟ. ಬಂದವರೆಲ್ಲಾ ಬಿದ್ದ ಹಲ್ಲಿನ ಜಾಗಾ ತೋರಿಸಿ "ಇಲ್ಲಿ ಒಂದು ಕೂಡಸ್ರಿ" ಅಂತಿದ್ರ, ಇಂವ ಅದರ ಆಚೀಚೆ ನಿಂತ ಎರಡು ಹಲ್ಲು ಬಡಬಡದು ನೋಡಾಂವ. "ಬಿದ್ದದ್ದು ಬಿತ್ತು. ಹೊರಾವು ಇವು. ಇವು ಗಟ್ಟಿ ಇಲ್ಲದ ನಾ ಕಟ್ಟಂಗಿಲ್ಲ" ಅಂತಿದ್ದ. ಆ ಎರಡಕ್ಕ ಬಂಗಾರದ ಟೋಪಿ ಹಾಕಿ, ನಡುವ ಸುಳ್ಳ ಹಲ್ಲು ತೂಗಿಬಿಟ್ರ ಅದು ಬ್ರಿಜ್ಜು. ಹಳ್ಳಿ ಮಂದಿ ಅದಕ್ಕ "ಹಲ್ಲಿನ ಪೂಲ" ಅಂತಿದ್ರು. ಹಳ್ಳದ ಮ್ಯಾಲಿನ ಪೂಲ ಇದ್ದಂಗ, ಅದಕೂ ಎರಡು ದಂಡಿ ಬೇಕಲ್ಲ.

ಐವತ್ತಾರನೇ ಇಸ್ವಿ ಇರಬೇಕು. ತಾಳಿಕೋಟಿ ಕಡೆ ಫರಸಿ ಖಣಿಯಾಗ ಕಲ್ಲು ಸೀಳೋ ಮಶಾಕಸಾಬ ತನ್ನ ಹೆಂಡ್ತಿ ಲಾಲಬಿನ ಕರಕೊಂಡು ಬಂದ. ನೀರು ಸೇದುವಾಗ ಬಾವಿ ಗಡಗಡಿ ಕಿತ್ತು ಬಾಯಿಗೆ ಬಡದು, ಮ್ಯಾಲಿನ ಸಾಲಿನಾಗ ಕೋರೆಹಲ್ಲಿನ ಪಕ್ಕದ್ದು ಒಂದು ಹೋಗಿತ್ತು. ಆಕಿ ಸೆರಗು ತಗದಾಗ ಚನ್ನಬಸಯ್ಯ ತಲಿ ಕೆರಕೊಂಡ. ಹಲ್ಲೆಲ್ಲಾ ಕರೀ ಮಿಂಚ. ಮಿಸ್ಸಿ ಹಚ್ಚಿದ್ದು. ಅವರ ಮನಿಯಾಗ ನಿಕಾ ಆದ ದಿನದಿಂದ ಗಂಡ ಇರೋ ತನಕ ಹೆಣ್ಣಮಕ್ಕಳು ಆ ಪುಡಿ ತಿಕ್ಕಿ ಹಲ್ಲು ಕಪ್ಪ ಮಾಡಕೋತಿದ್ರು. ಉಳದ ಮನಿಗೋಳಾಗ ಹರೇದ ಹುಡುಗ್ಯಾರು ಬಿಟ್ಟಿದ್ರೂ ಈ ಮನಿಯಾಗ ಬಿಟ್ಟಿರಲಿಲ್ಲ. ಚನ್ನಬಸಯ್ಯನ ಡಬ್ಬ್ಯಾಗ ಇದ್ದದ್ದು ಬರೇ ಹಲ್ಲು ಮಾಡೋ ಬಿಳೀ ಮಸಾಲಿ.

ಬಿಳೀ ಹಲ್ಲು ಇಟ್ಟು ನೋಡಿದ್ರ ಆ ಕರೀ ಸಾಲಿನಾಗ ಅದೊಂದ ಕಣ್ಣಿಗೆ ಚುಚ್ಚತಿತ್ತು. ಆದ್ರ ಅಯ್ಯ ಸುಮ್ಮನ ಬಿಡೋ ಪೈಕಿ ಅಲ್ಲ. ದೀಪದ ಕಾಡಿಗಿ ಹಿಡದು ಮಸಾಲಿಗೆ ಕಲಸಿದ, ಬೂದಿ ಬಣ್ಣ ಬಂತು. ಮತ್ತಿಷ್ಟು ಹಾಕಿದ, ಬೂಟ್ ಪಾಲಿಶ್ ಆತು. ಮಶಾಕಸಾಬಗ ಹೇಳಿ ಮನಿಯಿಂದ ಚಿಟಿಕಿ ಮಿಸ್ಸಿ ಕಾಗದದಾಗ ಕಟ್ಟಿಸಿ ತರಿಸಿದ, ಅದನ್ನ ಕಿಟಕಿ ಬೆಳಕಿನಾಗ ಹಿಡದು ಹಿಡದು ನಾಕನೇ ಸಲಕ್ಕ ಬಣ್ಣ ಕೂಡಿಸಿದ. ಬಂಗಾರ ಒಳಗ, ಮುಂದ ಕರೀ ಮುಖ, ಒಂದು ದಂಡಿ ಕೋರೆಹಲ್ಲು, ಇನ್ನೊಂದು ದಂಡಿ ಮುಂದಿನ ಹಲ್ಲು, ಅಂಥಾ ಮೂರು ಹಲ್ಲಿನ ಪೂಲ ತಯಾರಾತು.

ಕೂಡಿಸಿದ ದಿನ ಮಶಾಕಸಾಬ ಕನ್ನಡಿ ಹಿಡಕೊಂಡು ಹೆಂಡ್ತಿ ಬಾಯಿ ನೋಡಿದ್ದ ನೋಡಿದ್ದು. "ಅಯ್ಯಾರ, ಇದರಾಗ ನಿಮ್ಮವು ಯಾವು, ಅಲ್ಲಾನವು ಯಾವು, ನನಗ ತಿಳೀವಲ್ದು!" ಅಂದ. ಲಾಲಬಿ ಕುರ್ಚ್ಯಾಗ ಕುಂತ ಖೊಳ್ಳಂತ ನಕ್ಕಳು. ಪರಗಂಡಸಿನ ಮುಂದ ಹಂಗ ನಕ್ಕಿದ್ದಕ್ಕ ನಾಚಿ ಮತ್ತ ನಕ್ಕಳು. ಚನ್ನಬಸಯ್ಯಗ ಆ ರಾತ್ರಿ ಊಟ ಭಾಳ ರುಚಿ ಹತ್ತಿತು. ಪಾರಸಿ ಡಾಕ್ಟರ ಕಲಿಸಿದ್ದು ಇದ ಅಲ್ಲೇನು, ಪಕ್ಕದ ಹಲ್ಲು ಹೆಂಗೈತೋ ಹಂಗ ಮಾಡು ಅಂತ. ಪಕ್ಕದ ಹಲ್ಲಿನ ಬಣ್ಣ ಒಬ್ಬ ಮನಷಾನ ಜೀವಕ್ಕ ಕಟ್ಟಿದ್ದು ಅನ್ನೋದು ಅಂವನ ತಲಿಗೆ ಹೊಳೀಲಿಲ್ಲ. ಜಾಣ ಅಂದ್ರ ಎಷ್ಟರ ಜಾಣ ಇದ್ದಾನು!

ಮೂರು ವರ್ಷ ಆತು. ಖಣಿಯಾಗ ಫರಸಿ ಜಾರಿ ಮಶಾಕಸಾಬನ ಎದಿ ಮ್ಯಾಲ ಬಿತ್ತಂತ, ಅಲ್ಲೇ ಹೋದನಂತ, ಬಸ್ಸಿನ ಕಂಡಕ್ಟರನ ಬಾಯಿಂದ ಚನ್ನಬಸಯ್ಯಗ ಸುದ್ದಿ ಬಂತು. ಛೇ ಛೇ ಅಂದ, ಕೈ ತೊಳಕೊಂಡು ಮುಂದಿನ ಹಲ್ಲು ನೋಡಿದ. ಮತ್ತೇನು ಮಾಡ್ತಾನ.

ಐದು ತಿಂಗಳಾದ ಮ್ಯಾಲ, ಬ್ಯಾಸಗಿ ಬಿಸಲಾಗ, ಎರಡು ಹೆಣ್ಣಮಕ್ಕಳು ಬಾಗಲದಾಗ ಬಂದು ನಿಂತ್ರು. ಮುಂದಿನಾಕಿ ಮಶಾಕಸಾಬನ ಅಕ್ಕ ಪೀರಬಿ, ಗಟ್ಟಿ ದನಿಯಾಕಿ. ಹಿಂದಿನಾಕಿ ಲಾಲಬಿ. ಕೈಯಾಗ ಬಳಿ ಇಲ್ಲ, ಮೈಮ್ಯಾಲ ಬಿಳೀ ಸೀರಿ.

"ಬಾಯಿ ತಗದು ತೋರಸು ಅಯ್ಯಾರಿಗೆ" ಅಂದಳು ಪೀರಬಿ.

ಲಾಲಬಿ ಬಾಯಿ ತಗದಳು. ಗಂಡ ಸತ್ತಾಕಿ ಮನಿ ಹಿಡದು ಕೂಡ್ರೋ ಇದ್ದತ್ತಿನ ನಾಕು ತಿಂಗಳು ಹತ್ತು ದಿನ ದಿನಾ ಇಟ್ಟಂಗಿ ಪುಡಿ, ಬೂದಿ ಹಾಕಿ ತಿಕ್ಕಿ ತಿಕ್ಕಿ ಆಕಿ ಹಲ್ಲಿನ ಮಿಸ್ಸಿ ಇಳಿಸಿದ್ರು. ಹಲ್ಲೆಲ್ಲಾ ಬೆಳ್ಳಗಾಗಿದ್ದು. ಅಂವ ಕಟ್ಟಿದ ಮೂರು ಮಾತ್ರ ಮೊದಲ ದಿನದಂಗ ಕರ್ರಗ ಮಿಂಚತಿದ್ದು. ಅಂವನ ಕೈಗುಣ ನೋಡ್ರಿ, ಸುಡುಗಾಡು ಕೈಗುಣ.

"ಮಂದಿ ಕೇಳ್ತಾರ್ರಿ, ಯಾರ ಸಲುವಾಗಿ ಇನ್ನೂ ಮಿಸ್ಸಿ ಹಚ್ಯಾಳ ಅಂತ" ಅಂದಳು ಪೀರಬಿ. ಆಮ್ಯಾಲ ದನಿ ಇಳಿಸಿದಳು. "ಮಂದಿ ಬಾಯಿಗೆ ಬೆಂಕಿ ಬೀಳಲಿ. ನನಗ ಆ ಮೂರು ಹಲ್ಲು ಕಂಡ್ರ ನನ್ನ ತಮ್ಮ ಇನ್ನೂ ಇದ್ದಾನ ಅನಸ್ತೈತ್ರಿ. ಸಂಜಿಕ ಬರ್ತಾನ ಅನಸ್ತೈತಿ. ತಗದಬಿಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

"ನೀ ಏನಂತಿ ತಂಗೀ?" ಅಂತ ಅಯ್ಯ ಲಾಲಬಿನ್ನ ಕೇಳಿದ.

"ಹೆಂಗ ತಿಳೀತೈತೋ ಹಂಗ ಮಾಡ್ರಿ" ಅಂದಳು. ಆ ಮಾತಿನಾಗ ಸಿಟ್ಟೂ ಇರಲಿಲ್ಲ, ದುಃಖಾನೂ ಇರಲಿಲ್ಲ. ಯಾರೋ ಬಸ್ಸಿನ ಟೈಮ್ ಕೇಳಿದ್ರ ಹೇಳಿದಂಗಿತ್ತು.

ಚನ್ನಬಸಯ್ಯ ಮೊದಲ ಪೂಲ ಕೀಳೋ ವಿಚಾರನ ಮಾಡಲಿಲ್ಲ. ಸಿಮೆಂಟ ಹಾಕಿ ಕೂಡಿಸಿದ್ದು ಜಗ್ಗಿದ್ರ ಒಳಗಿನ ಹಲ್ಲು ಬುಡಕ್ಕ ಮುರೀತಾವ. ಮುಂದಿನ ಕರೀ ಮುಖ ಅಷ್ಟ ಕೊರದು ಬಿಳೀದು ತುಂಬೋಣ ಅಂದ. ಹಂಗ ಮಾಡಾಕ ಬಗ್ಗಿ ಸಣ್ಣ ಸೂಜಿ ಟೋಪಿ ಅಂಚಿನ ಸುತ್ತ ಆಡಿಸಿ ನೋಡಿದ. ಮುಂದಿನ ಹಲ್ಲಿನ ಕಡೆ ಸೂಜಿ ಸಲೀಸ ಒಳಗ ಹೋತು. ಗಬ್ಬ ನಾತ ಬಂತು. ಅಲ್ಲಿ ಎಂದ ಸಿಮೆಂಟ ಕರಗಿತ್ತೋ, ಟೋಪಿ ಒಳಗ ಹಲ್ಲು ಕೊಳತು ಹೋಗಿತ್ತು. ಹಿಂಗಾದ್ರ ಮನಷಾ ರಾತ್ರಿಯೆಲ್ಲಾ ಗ್ವಾಡಿಗೆ ತಲಿ ಹಾಯ್ಕೋತಾನ.

"ಇದು ಎಷ್ಟು ದಿನದಿಂದ ನೋವೈತಿ?"

"ಗೊತ್ತಿಲ್ರಿ."

"ಗೊತ್ತಿಲ್ಲ ಅಂದ್ರ? ಉಣ್ಣುವಾಗ, ಮಲಗಿದಾಗ ಸೆಳೀತಿರಲಿಲ್ಲೇನು?"

ಲಾಲಬಿ ಸ್ವಲ್ಪ ಹೊತ್ತು ನೆನಪ ಮಾಡಕೊಂಡಳು. "ಏನಿಲ್ರಿ" ಅಂದಳು.

ಇನ್ನ ಪೂಲ ತಗೀಲೇಬೇಕಾತು. ಜಗ್ಗಲಿಲ್ಲ ಅಂವ. ಕಾಲಿಲೆ ಮಷೀನ ತುಳಕೋತ ಸಣ್ಣ ಗಾಲಿಯಿಂದ ಎರಡೂ ಟೋಪಿ ಉದ್ದಕ ಸೀಳಿ, ಅಂಚು ಅಗಲಿಸಿ, ಹಗೂರಕ ಎತ್ತಿ ತಗದ. ಮುಂದಿನದು ಕರೀ ರಾಡಿ, ಮುಟ್ಟಿದ್ರ ಉದರತಿತ್ತು. ಕೋರೆಹಲ್ಲು ಮಾತ್ರ ಮ್ಯಾಲ ನೋಡಾಕ ಗಟ್ಟಿ ಇತ್ತು.

ಕೈ ತೊಳಕೊಂಡು ಬಂದು ಇಬ್ಬರಿಗೂ ತಿಳಿಸಿ ಹೇಳಿದ. "ನೋಡ್ರಿ, ಮುಂದಿಂದು ಹೋತು, ಅದನ್ನ ತಗೀತೇನಿ. ಎಲ್ಲಾ ನಿಂತದ್ದು ಈ ಕೋರೆಹಲ್ಲಿನ ಮ್ಯಾಲ. ಇದು ಜೀವ ಇದ್ರ, ಇದಕ್ಕೂ, ಹೋದದ್ದರ ಆಚಿ ಹಲ್ಲಿಗೂ ಹಿಡಿಸಿ ಹೊಸಾ ಬಿಳೀ ಪೂಲ ಕಟ್ಟತೇನಿ, ಸಾಯೋ ತನಕ ಬಾಯಿ ನೆಟ್ಟಗಿರತೈತಿ. ಇದೂ ಒಳಗ ಸತ್ತಿದ್ರ ಇಟ್ಟು ಉಪಯೋಗಿಲ್ಲ, ನಾಳೆ ಕೀವು ಹಿಡೀತೈತಿ. ಸತ್ತ ಬೇರು ತೊಳದು ತುಂಬೋ ವಿದ್ಯಾ ನನಗ ಬರಂಗಿಲ್ಲ. ಎರಡೂ ಹೋದ್ರ ಕಟ್ಟಾಕ ದಂಡಿನ ಇಲ್ಲ. ಮೂವತ್ತರ ವಯಸ್ಸಿಗೆ ಬೊಚ್ಚಬಾಯಿ, ದಿನಾ ತಗದು ಇಡೋ ಹಲ್ಲಿನ ಸೆಟ್ಟು."

"ಜೀವ ಐತೋ ಇಲ್ಲೋ ಹೆಂಗ ತಿಳೀತೈತ್ರಿ?" ಪೀರಬಿ ಕೇಳಿದಳು.

"ತಣ್ಣಂದು ಇಟ್ರ ಜುಂ ಅಂತೈತಿ. ಆಕಿನ ಹೇಳಬೇಕು. ಅದಕ್ಕ ಈಗ ಜೋಮಿನ ಸೂಜಿ ಹಾಕಂಗಿಲ್ಲ."

ಸೋಡಾ ಅಂಗಡಿಯಿಂದ, ಬಿಜಾಪುರದ ಬಸ್ಸಿನಾಗ ಕಟ್ಟಿಗಿ ಹೊಟ್ಟಿನಾಗ ಮುಚ್ಚಿ ಬಂದ ಬರ್ಫದ ತುಣುಕು ತರಿಸಿದ. ಹತ್ತಿ ಅರಳಿಯಾಗ ಸುತ್ತಿ, ಟೋಪಿ ಸಲುವಾಗಿ ಹಿಂದಕ್ಕ ತಾನ ಅರದು ಸಣ್ಣ ಮಾಡಿದ ಆ ಕೋರೆಹಲ್ಲಿನ ಮ್ಯಾಲ ಇಟ್ಟ. ಟೋಪಿ ಇಲ್ಲದ ಬರೇ ಹಲ್ಲು ಅದು. ಜೀವ ಇದ್ರ ಮನಷಾ ಕುರ್ಚಿ ಬಿಟ್ಟು ಹಾರಬೇಕು.

"ಏನರ ಆಗಾಕತ್ತೈತೇನು?"

"ಏನಿಲ್ರಿ."

ಮತ್ತ ಇಟ್ಟ, ಹತ್ತು ಎಣಿಸೋ ತನಕ. ಸಣ್ಣ ಕನ್ನಡಿ ಹಿಡಕಿಯಿಂದ ಟಕಟಕ ಬಡದ. ಸೂಜಿ ಮೊನಿಲೆ ಕೆರದ. ಪ್ರತಿ ಸಲ ಕೇಳಿದ, ಪ್ರತಿ ಸಲ ಆಕಿ "ಏನಿಲ್ರಿ" ಅಂದಳು. ಕಣ್ಣು ಮಾಳಗಿ ಜಂತಿ ಮ್ಯಾಲ ಇದ್ದು, ರೆಪ್ಪಿ ಅಲುಗಲಿಲ್ಲ. ಒಂದು ಸಲ ಆಕಿ ಕಾಲಬೆರಳು ಮಡಚಿದ್ದು ಚನ್ನಬಸಯ್ಯ ಕಂಡ. ಕಂಡೂ ಅದನ್ನ ಲೆಕ್ಕಕ್ಕ ಹಿಡೀಲಿಲ್ಲ. ಕುರ್ಚಿ ಗಿಡ್ಡ, ಕಾಲು ಜಾರ್ಯಾವು ಅನಕೊಂಡ. ರೋಗಿ ಬಾಯಿ ಬಿಟ್ಟು ಹೇಳಿದ ಮ್ಯಾಲ ಕಾಲಬೆರಳಿನ ಮಾತು ಯಾರು ಕೇಳ್ತಾರ್ರಿ!

"ಇದೂ ಸತ್ತೈತಿ ಅಕ್ಕಾರ" ಅಂದ ಪೀರಬಿಗೆ. ಅಂವಗ ಮನಸಿಗೆ ಕೆಟ್ಟ ಅನಸಿತು. ಭಾಳ ಗಟ್ಟಿ ಬೇರು ಅದು, ಬಾಯಿಗೆಲ್ಲಾ ಅದ ಆಧಾರ.

"ತಗೀರಿ ಹಂಗಿದ್ರ" ಅಂದಳು ಪೀರಬಿ. ಅಯ್ಯ ಲಾಲಬಿ ಮಾರಿ ನೋಡಿದ. ಆಕಿ ಆಗಲಿ ಅಂತ ಗೋಣು ಹಾಕಿದಳು.

ಸೂಜಿ ಹಾಕಿದ. ತುಟಿ, ಗಲ್ಲ ಜೋಮು ಹಿಡಿಯೋ ತನಕ ಕುಂಡ್ರಿಸಿದ. ಕೊಳತದ್ದು ಇಕ್ಕಳಕ್ಕ ಸಿಗೂದರಾಗ ಎರಡು ಚೂರಾಗಿ ಬಂತು. ಕೋರೆಹಲ್ಲು ಮಾತ್ರ ಬಿಡಲಿಲ್ಲ. ಚನ್ನಬಸಯ್ಯ ಬೆವತು ಹೋದ. ಆ ಕಡೆ ಒತ್ತಿ, ಈ ಕಡೆ ಒತ್ತಿ, ಕಾಲು ಊರಿ ನಿಂತು, ಅರ್ಧ ತಾಸಿಗೆ ಅದು ಕಿತ್ತು ಕೈಗೆ ಬಂತು. ಲಾಲಬಿ ಒಂದ ಒಂದು ಸಲ ಸೈತ ಕುರ್ಚಿ ಹಿಡಿ ಹಿಡೀಲಿಲ್ಲ.

ಬೇರು ಸ್ವಚ್ಛ ಇತ್ತು. ಕೀವಿಲ್ಲ, ಕೊಳಿ ಇಲ್ಲ, ತುದಿಯಾಗ ಕೆಂಪನ ಒಂದು ಎಳಿ. ಕಿಟಕಿ ಕಡೆ ಹೋಗಿ, ಆ ಹಲ್ಲನ್ನ ಬಟ್ಟಿಯೊಳಗಿಟ್ಟು ಸುತ್ತಿಗಿಲೆ ಒಂದು ಪೆಟ್ಟು ಹಾಕಿ ಬಿಚ್ಚಿ ನೋಡಿದ. ಒಳಗೆಲ್ಲಾ ಹಸೀ ನೆತ್ತರ. ತಾಜಾ, ಮಿಂಚತಿತ್ತು. ಹಲ್ಲು ಜೀವಂತ ಇತ್ತು. ಇಪ್ಪತ್ತು ವರ್ಷ ಮಂದಿ ಬಾಯಾಗ ಕೈ ಹಾಕಿದ ಮನಷಾ, ಜೀವ ಇದ್ದ ಹಲ್ಲು ಸತ್ತೈತಿ ಅಂತ ಕಿತ್ತಿದ್ದ.

ಚನ್ನಬಸಯ್ಯ ಸ್ಟೂಲು ಜಗ್ಗಿ ಲಾಲಬಿ ಮುಂದ ಕುಂತ.

"ತಂಗೀ, ನನಗ ಖರೇ ಹೇಳು. ಬರ್ಫ ಇಟ್ಟಾಗ ನಿನಗ ನೋವಾತೇನು?"

ಲಾಲಬಿ ಬಾಯಾನ ನೆತ್ತರ ಬೋಗಾಣಿಗೆ ಉಗಳಿದಳು. ಜೋಮು ಹಿಡಿದ ತುಟಿಯಿಂದ ಮಾತು ತೊದಲತಿದ್ದು.

"ಆತ್ರಿ."

"ಸೂಜೀಲೆ ಕೆರದಾಗ?"

"ಆತ್ರಿ. ಭಾಳ ಆತು."

"ಮತ್ತ ಏನಿಲ್ಲ ಅಂದಿ ಯಾಕವ್ವಾ!" ಅಂದ ಅಯ್ಯ. "ಆ ಅಂದಿದ್ರ ಸಾಕಿತ್ತು, ನಾ ಅದನ್ನ ಮುಟ್ಟತಿರಲಿಲ್ಲ. ಯಾಕ ಹೇಳಲಿಲ್ಲ?"

ಲಾಲಬಿ ಅಂವನ್ನ ನೋಡಿದಳು. ತಾ ಏನು ತಪ್ಪು ಮಾಡಿದೆ ಅನ್ನೋದು ಖರೇನ ಆಕಿಗೆ ತಿಳಿದಿರಲಿಲ್ಲ.

"ಅವರು ಹೋದಾಗಿಂದ ಮುಂಜಾನಿಂದ ರಾತ್ರಿ ತನಕ ಹಂಗ ಇರತೈತ್ರಿ ಅಯ್ಯಾರ" ಅಂದಳು. "ಹೊಸಾದೇನಲ್ಲ ಅನಕೊಂಡೆ."

ಪೀರಬಿ ಎದ್ದು ಬಂದಳು. ನಾಕು ತಿಂಗಳು ಆ ಬಾಯಿಗೆ ಇಟ್ಟಂಗಿ ಪುಡಿ ತಿಕ್ಕಿದ ಕೈಯಿಂದ ಲಾಲಬಿಯ ಗಲ್ಲ ಹಿಡದು, "ಯವ್ವಾ, ಯವ್ವಾ" ಅನಕೋತ ಸವರಿದಳು. ಲಾಲಬಿ ಜಂತಿ ನೋಡಕೋತ ಕುಂತಿದ್ದಳು. ಆ ಕಡೆ ಗಲ್ಲಕ್ಕ ಜೋಮು ಇನ್ನೂ ಇಳಿದಿರಲಿಲ್ಲ, ಕೈ ಇಟ್ಟದ್ದು ಆಕಿಗೆ ಗೊತ್ತಾಗಲಿಲ್ಲ.