ಮಹಾಂತೇಶನ ಮುಳುಗು ಚೀಲ

ಕನ್ನಂಬಾಡಿ ಹಿನ್ನೀರಿನ ತಳದಲ್ಲಿ ಮುಳುಗಿಹೋದ ಹಳೇ ಊರಿದೆಯಲ್ಲ, ಮಹಾಂತೇಶ ಒಂದು ಸಲ ಅಲ್ಲಿಗೆ ಇಳಿದುಹೋಗಿ, ಮುತ್ತಜ್ಜನ ಮನೆ ಹುಡುಕಿ, ಜಗಲಿಯ ಮೇಲೆ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಂಡು, ಒಂದು ಕೋಳಿನಿದ್ದೆ ತೆಗೆದು, ಮೀನುಗಳು ಒಳಗೆ ನುಗ್ಗದಿರಲೆಂದು ಬಾಗಿಲಿಗೆ ಬೀಗ ಜಡಿದು ಮೇಲೆ ಬಂದಿದ್ದ. ಸುಣ್ಣ ಕೂಡ ಒದ್ದೆಯಾಗಿರಲಿಲ್ಲ. ನಂಬದವರು ಲಷ್ಕರ್ ಮೊಹಲ್ಲಾದಲ್ಲಿದ್ದ ಅವನ ಅಂಗಡಿಗೆ ಹೋಗಿ ನೋಡಬಹುದಿತ್ತು, ಬೀಗದ ಕೈ ಮೊಳೆಗೆ ನೇತಾಡುತ್ತಿತ್ತು. ಅದು ಅಂಗಡಿ ಹಿಂದಿನ ಕಕ್ಕಸಿನ ಬೀಗದ ಕೈ ಎಂದು ಆಡಿಕೊಳ್ಳುವವರೂ ಇದ್ದರು. ಹೊಟ್ಟೆಕಿಚ್ಚಿನ ಜನ ಎಲ್ಲಿಲ್ಲ?

ಅಂಗಡಿಯಾದರೂ ಸಾಮಾನ್ಯದ್ದಲ್ಲ. ಕುಕ್ಕರಿನ ಗ್ಯಾಸ್ಕೆಟ್ಟು, ಮಿಕ್ಸಿ ಜಾರಿನ ರಬ್ಬರು, ನಲ್ಲಿಯ ವಾಷರು, ಎಲ್ಲ ಗೊಂಚಲು ಗೊಂಚಲಾಗಿ ಬಾಳೆಗೊನೆಯಂತೆ ತೂಗುತ್ತಿದ್ದವು. ಮಹಾಂತೇಶ ಒಂದು ದಿನ ಬಾಗಿಲು ಹಾಕಿದರೆ ಇಡೀ ಮೈಸೂರಿನ ಕುಕ್ಕರುಗಳು ಶಿಳ್ಳೆ ಮರೆತು, ಊರಿಗೆ ಊರೇ ಬೇಯದ ಬೇಳೆ ಉಣ್ಣಬೇಕಾಗುತ್ತಿತ್ತು. ಇದೂ ಅವನೇ ಹೇಳಿದ್ದು.

ಇಂಥ ಮಹಾಪುರುಷನಿಗೆ ಮನೆಯಲ್ಲಿ ಮಾತ್ರ ಬೆಲೆ ಕಡಿಮೆ. ಅದಕ್ಕೆ ಕಾರಣ ಅವನ ತಾಯಿ ಪುಟ್ಟಬಸಮ್ಮ. ಆಕೆ ದೇವರಾಜ ಮಾರುಕಟ್ಟೆಯಲ್ಲಿ ಬದನೆಕಾಯಿಗೆ ಹೇಗೋ ಮಗನ ಮಾತಿಗೂ ಹಾಗೇ, ಚೌಕಾಸಿ ಮಾಡದೆ ಒಂದನ್ನೂ ಕೊಂಡವರಲ್ಲ.

"ಅವ್ವಾ, ಇವತ್ತು ಅಂಗಡಿಗೆ ಐನೂರು ಜನ ಬಂದಿದ್ರು."

"ನೂರು ಮಾಡ್ಕೊ."

"ಇನ್ನೂರಕ್ಕಾದ್ರೂ ಬಾರವ್ವ."

"ಐವತ್ತು. ಬುಡು, ಕೈ ತೊಳ್ಕೊಂಡು ಊಟಕ್ಕೆ ಕೂರು."

ಹೆಂಡತಿ ಹೇಮಶ್ರೀ, ಮಗಳು ಲಾಸ್ಯ ಇಬ್ಬರೂ ಈ ವ್ಯಾಪಾರ ನೋಡುತ್ತ, ಕೊನೆಗೆ ಇಳಿದ ದರವನ್ನೇ ನಂಬುತ್ತಿದ್ದರು. ಹೇಮಶ್ರೀ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಆದರೆ ಅವಳೂ ಚೌಕಾಸಿಯಿಲ್ಲದೆ ಪೂರಾ ಬೆಲೆಗೆ ಕೊಂಡ ಮಾತು ಒಂದಿತ್ತು. ಅದು ಮುಳುಗು ಚೀಲದ್ದು.

ಗೋಕುಲಂನ ಅವರ ಮಹಡಿ ಮನೆಯಲ್ಲಿ ಯೋಗ ಕಲಿಯಲು ಬಂದ ಆಂಡರ್ಸ್ ಎಂಬ ಡೆನ್ಮಾರ್ಕಿನವನು ಬಾಡಿಗೆಗಿದ್ದ. ಬಾಗಿಲು ದಾಟುವಾಗ ಬಗ್ಗಿ ಬಗ್ಗಿ ಅವನ ಬೆನ್ನೇ ಗೂನಾಗಿತ್ತು, ಅಷ್ಟೆತ್ತರ. ಸಮುದ್ರದಲ್ಲಿ ಮುಳುಗುವ ಹುಚ್ಚು ಅವನಿಗೆ. ಒಂದು ಸಲ ಮುರುಡೇಶ್ವರಕ್ಕೆ ಹೊರಟಾಗ ಭಾಷೆಗೆ ಬೇಕೆಂದು ಮಹಾಂತೇಶನನ್ನೂ ಕರೆದುಕೊಂಡು ಹೋಗಿದ್ದ. ಇದು ನಿಜ. ಬಸ್ಸು ಹತ್ತಿಸಿದ್ದು ಸ್ವತಃ ಪುಟ್ಟಬಸಮ್ಮನೇ. ಆಮೇಲೆ ಊರಿಗೆ ವಾಪಸು ಹೋಗುವಾಗ ಆಂಡರ್ಸ್ ತನ್ನ ಸಾಮಾನಿನ ಚೀಲವನ್ನು ಮಹಾಂತೇಶನಿಗೇ ಕೊಟ್ಟುಹೋದ. ಚೀಲವೆಂದರೆ ನಂಜನಗೂಡಿನ ಪ್ಯಾಸೆಂಜರ್ ರೈಲಿನ ಎರಡು ಬೋಗಿ ಅದರೊಳಗೆ ಹಿಡಿಸಿ, ಜಿಪ್ಪು ಕೂಡ ಹಾಕಬಹುದಿತ್ತು. ಅಂಥ ಚೀಲ ನಡುಮನೆಯ ಮೂಲೆಯಲ್ಲಿ ಸಾಕ್ಷಿಯಂತೆ ಕೂತಿರುವಾಗ, "ನಾನೂ ಅವನೂ ಜೊತೆಗೇ ಇಳಿದ್ವಿ, ತಳದಲ್ಲಿ ಕೈ ಕೈ ಹಿಡ್ಕೊಂಡು ಓಡಾಡಿದ್ವಿ" ಎಂದರೆ ಪುಟ್ಟಬಸಮ್ಮನ ಚೌಕಾಸಿಗೂ ಹಿಡಿ ಸಿಗಲಿಲ್ಲ.

ನಿಜ ಗೊತ್ತಿದ್ದದ್ದು ಮಹಾಂತೇಶನಿಗೆ ಮಾತ್ರ. ಅವನಿಗೆ ಈಜು ಬರುತ್ತಿರಲಿಲ್ಲ.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಎರಡು ಸಾವಿರದ ಎಂಟನೇ ಇಸವಿಯ ಡಿಸೆಂಬರಿನಲ್ಲಿ ಹೇಮಶ್ರೀಯ ಸ್ಕೂಲಿನ ಮೇಷ್ಟರು ಮೇಡಂಗಳೆಲ್ಲ ಮನೆಯವರ ಜೊತೆ ಮುರುಡೇಶ್ವರಕ್ಕೆ ಟೂರು ಹೊರಟರು. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ. ಬೇಕಾದವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿದು ಮೀನು ನೋಡಿ ಬರಬಹುದು. ಬೇಕಾದವರ ಪೈಕಿ ಮೊದಲ ಹೆಸರು ಹೇಮಶ್ರೀಯದು!

ಸ್ಟಾಫ್ ರೂಮೇ ಬೆಚ್ಚಿತು. ಏಕೆಂದರೆ ಹೇಮಶ್ರೀಗೆ ನೀರೆಂದರೆ ಪ್ರಾಣಭಯ. ಚಿಕ್ಕವಳಿದ್ದಾಗ ನಂಜನಗೂಡಿನ ಸ್ನಾನಘಟ್ಟದಲ್ಲಿ ಜಾರಿ ಕಪಿಲೆಗೆ ಬಿದ್ದವಳನ್ನು ಯಾರೋ ಜಡೆ ಹಿಡಿದು ಎಳೆದಿದ್ದರು. ಅಂದಿನಿಂದ ತಲೆಗೆ ನೀರು ಹಾಕಿಕೊಳ್ಳುವಾಗ ಕಣ್ಣು ಮುಚ್ಚಿದವಳಲ್ಲ. ಸೀಗೇಪುಡಿ ಕಣ್ಣಿಗೆ ಬಿದ್ದು ಉರಿದರೂ ಸರಿ. ಬಸ್ಸು ಸೇತುವೆ ದಾಟುವಾಗ ಮಾತ್ರ ಕಣ್ಣು ಮುಚ್ಚುತ್ತಿದ್ದಳು.

"ಈ ಹೆದರಿಕೆ ಹೊತ್ತು ಹೊತ್ತು ಸಾಕಾಗಿದೆ" ಎಂದಳು ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತ. "ಒಂದು ಸಲ ಒಳಗೆ ಹೋಗಿ ನೋಡೇ ಬಿಡ್ತೀನಿ. ನೀವು ಕೈ ಹಿಡ್ಕೊಂಡಿರ್ತೀರಲ್ಲ. ಬೇರೆ ಯಾರು ಹೇಳಿದ್ರೂ ನಾನು ಇಳೀತಿರ್ಲಿಲ್ಲ ಕಣ್ರೀ."

ಮಹಾಂತೇಶ ಕೈಯಲ್ಲಿದ್ದ ಮುದ್ದೆಯ ತುತ್ತನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ. ನುಂಗಿದ ಸದ್ದು ಊರಾಚೆಯ ಹಿನಕಲ್‌ವರೆಗೂ ಕೇಳಿಸಿರಬೇಕು.

ನಿಜ ಹೇಳಿಬಿಟ್ಟರೆ ಅವಳು ಇಳಿಯುವುದಿಲ್ಲ, ಇನ್ನು ಜನ್ಮಪೂರ್ತಿ ಇಳಿಯುವುದಿಲ್ಲ. ಹೇಳದಿದ್ದರೆ ಈಜು ಬಾರದವನ ಕೈ ಹಿಡಿದು ನೀರಿಗೆ ಹೆದರುವವಳು ಸಮುದ್ರಕ್ಕಿಳಿಯುತ್ತಾಳೆ. ಮೂರನೇ ದಾರಿ ಯಾವುದೂ ಹೊಳೆಯದೆ ಮಹಾಂತೇಶ ತನಗೆ ಗೊತ್ತಿದ್ದ ಒಂದೇ ಕೆಲಸಕ್ಕೆ ಇಳಿದ. ಸ್ಪೇರು ಸಾಮಾನು ಜೋಡಿಸತೊಡಗಿದ.

ಹೊರಡುವ ಹಿಂದಿನ ದಿನ ಭಾನುವಾರ. ಬೆಳಗಿನ ತಿಂಡಿಯಾದ ಮೇಲೆ ನಡುಮನೆಯಲ್ಲಿ ಚೀಲ ಬಿಚ್ಚಿದ. ಹಳೇ ರಬ್ಬರಿನ ವಾಸನೆಗೆ ಎದುರುಮನೆಯ ನಾಯಿ ಸೀನಿತು. ಕಪ್ಪು ರಬ್ಬರಿನ ಅಂಗಿ, ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ, ಬಾತುಕೋಳಿಯ ಪಾದದಂಥ ರೆಕ್ಕೆಚಪ್ಪಲಿ, ಸಿಲಿಂಡರಿನಿಂದ ಬಾಯಿಗೆ ಗಾಳಿ ತರುವ ಕೊಳವೆ, ಒಂದೊಂದನ್ನೂ ಎತ್ತಿ, ಎಳೆದು, ಹಲ್ಲಿನಿಂದ ಕಚ್ಚಿ ನೋಡಿದ.

"ಮುಖವಾಡದ ಹಳೇ ಪಟ್ಟಿ ಬಿರುಕು ಬಿಟ್ಟಿತ್ತು. ಅದನ್ನ ನಂಬಿ ಇಳಿದಿದ್ರೆ ಕಥೆ ಮುಗೀತಿತ್ತು. ನಾನು ಹೊಸದು ಕೂಡಿಸಿದೀನಿ ನೋಡು. ಆನೆ ಕಟ್ಟಿ ಎಳೆದ್ರೂ ಕಿತ್ತು ಬರಲ್ಲ."

"ದಸರಾ ಆನೆಯೋ ಮರಿ ಆನೆಯೋ?" ಎಂದರು ಪುಟ್ಟಬಸಮ್ಮ, ಮೂಲೆಯಲ್ಲಿ ಕೂತು ಕೋಡುಬಳೆ ಡಬ್ಬಿಗೆ ತುಂಬುತ್ತ.

"ಅಂಬಾರಿ ಆನೆ ಅವ್ವ."

"ಮೇಕೆ ಮಾಡ್ಕೊ."

ಕೊಳವೆಯ ಜಾಯಿಂಟಿಗೆ ಬೇಕಾದ ರಬ್ಬರ್ ಉಂಗುರಗಳು ಒಂದು ಪೊಟ್ಟಣ. ಅದರ ಜೊತೆಗೆ ನಲ್ಲಿ ವಾಷರು, ಮಿಕ್ಸಿ ರಬ್ಬರು, ಕೊನೆಗೆ ಐದು ಲೀಟರಿನ ಕುಕ್ಕರ್ ಗ್ಯಾಸ್ಕೆಟ್ಟೂ ಒಂದು ಡಜನ್ನು ಚೀಲಕ್ಕೆ ಬಿತ್ತು.

"ಅಪ್ಪ, ಸಮುದ್ರದೊಳಗೆ ಬೇಳೆ ಬೇಯಿಸ್ತೀರಾ?" ಎಂದಳು ಲಾಸ್ಯ.

"ನಗು, ನಗು. ನೀರೊಳಗೆ ಇನ್ನೊಬ್ಬರದ್ದೇನಾದ್ರೂ ಕೆಟ್ಟಾಗ ಮಹಾಂತೇಶಣ್ಣ ಎಲ್ಲಿ ಅಂತ ಮೀನುಗಳೇ ಬಂದು ಕೇಳ್ತವೆ."

ಪುಟ್ಟಬಸಮ್ಮನಿಗೆ ಇದ್ದ ಯೋಚನೆಯೇ ಬೇರೆ. ಸೆರಗಿನ ಗಂಟಿನಿಂದ ಹೊಸ ಶಿವದಾರ ತೆಗೆದರು. ಇಷ್ಟಲಿಂಗವಿಡುವ ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಳ್ಳುವ ದಾರ ಅದು. "ಹಳೇದು ಸವೆದಿದೆ. ಉಪ್ಪುನೀರಲ್ಲಿ ಕಿತ್ತೋದ್ರೆ ಎಂಗಪ್ಪ? ಎರಡೆಳೆ ಜಾಸ್ತಿ ಹೊಸೆದಿದೀನಿ. ಇನ್ನೊಂದು ಸ್ಪೇರು ಇಟ್ಕೊ. ಆ ರಬ್ಬರ್ ಅಂಗಿ ಒಳಗೆ ಮೈಗೆ ತಾಗಿಸಿಕೊಂಡೇ ಇರ್ಬೇಕು, ದೋಣೀಲಿ ಬಿಚ್ಚಿಡ್ಬೇಡ."

ಮಹಾಂತೇಶ ತಲೆಯಾಡಿಸಿದ. ಆಮೇಲೆ ಅಂಗಡಿಯ ತಕ್ಕಡಿಯ ಕಬ್ಬಿಣದ ತೂಕದ ಕಲ್ಲುಗಳನ್ನು ಹೊರಗೆ ತೆಗೆದ. ಗೋಣಿದಾರದಲ್ಲಿ ಹೊಲಿದು ನಡುಪಟ್ಟಿಯೇ ಮಾಡಿಟ್ಟಿದ್ದ.

"ಇದ್ಯಾಕಪ್ಪ? ಅಲ್ಲೇನು ಈರುಳ್ಳಿ ವ್ಯಾಪಾರನಾ?"

"ಅವ್ವಾ, ಮನುಷ್ಯ ಸುಮ್ಮನೆ ಮುಳುಗಲ್ಲ. ಆಂಡರ್ಸ್ ಸೀಸದ ತುಂಡು ಕಟ್ಕೊಂಡಿದ್ದ. ನಾವು ಕಬ್ಬಿಣದ್ದು."

ಇಷ್ಟು ಹೊತ್ತೂ ಹೇಮಶ್ರೀ ಕಿಟಕಿಯ ಪಕ್ಕ ಕೂತು ಟವೆಲ್ ಮಡಿಸುತ್ತಿದ್ದಳು. ಮಡಿಸಿದ ಟವೆಲ್ಲನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದುದನ್ನು ಯಾರೂ ಗಮನಿಸಿರಲಿಲ್ಲ.

"ನಿನ್ನೆ ಆ ದೋಣಿಯವರಿಗೆ ಫೋನ್ ಮಾಡಿದ್ದೆ" ಎಂದಳು. "ಸಾಮಾನೆಲ್ಲ ಅವರ ಹತ್ರನೇ ಇದೆಯಂತೆ. ಏನೂ ತರೋದು ಬೇಡ ಅಂದ್ರು."

"ಹಂಗಂತಾರೆ. ಅವರ ರಬ್ಬರು ಯಾವ ಕಾಲದ್ದೋ!"

"ಸರಿ. ನನಗೊಂದು ಹೇಳ್ಕೊಡಿ. ಕೆಳಗೆ ಹೋಗೋದಕ್ಕೆ ಈ ಕಲ್ಲಿದೆ. ಮೇಲೆ ಬರುವಾಗ ಏನು ಮಾಡ್ಬೇಕು?"

ಮಹಾಂತೇಶ ಈ ಪ್ರಶ್ನೆಗೆ ವಾರದಿಂದ ಕಾದಿದ್ದ. ಗೋಕುಲಂನಲ್ಲಿ ಮನೆಯಿದ್ದು ಉಸಿರಿನ ವಿದ್ಯೆ ತಿಳಿಯದವನುಂಟೆ? ಬೆಳಗಾದರೆ ಗೇಟಿನ ಮುಂದೆ ಚಾಪೆ ಸುತ್ತಿಕೊಂಡು ಓಡಾಡುವ ಪರದೇಶದವರೆಲ್ಲ ಪೂರಕ, ಕುಂಭಕ, ರೇಚಕ ಅನ್ನುತ್ತಿದ್ದರು. ಆಂಡರ್ಸನೂ ಮಹಡಿಯ ಮೇಲೆ ಮೂಗು ಹಿಡಿದು, ಉಸಿರು ಕಟ್ಟಿ ಕುಂಭಕದಲ್ಲಿ ಕೂರುತ್ತಿದ್ದ. ಮುಳುಗುವವನು ಅದನ್ನು ಇನ್ಯಾತಕ್ಕೆ ಕಲಿಯುತ್ತಾನೆ? ಈ ಲೆಕ್ಕ ಹಾಕಿಕೊಂಡು ಮಹಾಂತೇಶ ವಾರವಿಡೀ ಬಚ್ಚಲಿನ ಬಕೆಟ್ಟಿನಲ್ಲಿ ಮುಖ ಅದ್ದಿ ಅಭ್ಯಾಸ ಮಾಡಿದ್ದ.

"ಅಲ್ಲೇ ಇರೋದು ಗುಟ್ಟು" ಎಂದ ಕಾಲ ಮೇಲೆ ಕಾಲು ಹಾಕಿ. "ಕಲ್ಲು ಬಿಚ್ಚಿ ಹಾಕ್ಬೇಕು. ಎದೆ ತುಂಬ ಗಾಳಿ ಎಳ್ಕೊಂಡು, ಉಸಿರು ಬಿಗಿಯಾಗಿ ಕಟ್ಬೇಕು. ಕಟ್ಟಿದ್ರೆ ಮೈ ಬಾಯಿ ಮುಚ್ಚಿದ ಖಾಲಿ ಬಿಂದಿಗೆ ಥರ ಸೊಯ್ಯಂತ ಮೇಲೆ ಬರುತ್ತೆ. ಪ್ರಾಣ ಹೋದ್ರೂ ಉಸಿರು ಬಿಡಬಾರ್ದು. ನಾನು ಕೈ ಹಿಡಿದು ಒತ್ತಿದ ಕೂಡಲೇ ಕಟ್ಟು, ಅಷ್ಟೇ."

ಹೇಮಶ್ರೀ ಟವೆಲ್ಲನ್ನು ತೊಡೆಯ ಮೇಲೆ ಇಟ್ಟಳು.

"ದೋಣಿಯವರು ಒಂದೇ ಒಂದು ಮಾತು ಹೇಳಿದ್ರು. ನೀರೊಳಗೆ ಯಾವತ್ತೂ ಉಸಿರು ಕಟ್ಟಬೇಡಿ ಮೇಡಂ, ಮೇಲೆ ಬರುವಾಗಂತೂ ಕಟ್ಟಲೇಬೇಡಿ, ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿದುಹೋಗುತ್ತೆ, ಅಂತ. ಒಂದು ಸಲ ಇಳಿದವರನ್ನ ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಮೊದಲು ಇದನ್ನೇ ಹೇಳ್ತಾರಂತೆ."

ಗೋಡೆಯ ಗಡಿಯಾರ ನಿಂತುಹೋಯಿತು. ಅದು ಎರಡು ತಿಂಗಳಿಂದ ನಿಂತೇ ಇತ್ತು, ಮಹಾಂತೇಶನಿಗೆ ಆಗ ಗೊತ್ತಾಯಿತು.

"ಅದು... ಮುರುಡೇಶ್ವರದ ಕಡೆಯವರ ಪದ್ಧತಿ. ಡೆನ್ಮಾರ್ಕಿನಲ್ಲಿ..."

"ರೀ." ಹೇಮಶ್ರೀಯ ದನಿ ಏರಲಿಲ್ಲ. "ಅಷ್ಟು ನೀರಿನ ಕೆಳಗೆ ನೀವು ಕೈ ಒತ್ತಿದ್ರೆ ನಾನು ಕಟ್ಟಿಬಿಡ್ತಿದ್ದೆ. ಆ ದೋಣಿಯವರು ಬೇಡ ಅಂತ ಬಡ್ಕೊಂಡ್ರೂ ಕಟ್ಟಿಬಿಡ್ತಿದ್ದೆ. ಯಾಕಂದ್ರೆ ಹೇಳಿದ್ದು ನೀವು."

ಮಹಾಂತೇಶ ಕಾಲು ಇಳಿಸಿದ.

ಪುಟ್ಟಬಸಮ್ಮ ಕೋಡುಬಳೆ ಡಬ್ಬಿಯ ಮುಚ್ಚಳ ಹಾಕಿದರು. ಕೈ ಒರೆಸಿಕೊಂಡು, ತರಕಾರಿ ಗಾಡಿಯ ಮುಂದೆ ನಿಂತ ಹಾಗೆ ಸೊಂಟದ ಮೇಲೆ ಕೈಯಿಟ್ಟರು.

"ಮಾಂತೇಶ, ಎಷ್ಟು ಆಳ ಇಳಿದಿದ್ದೆ?"

"ಎರಡು ತೆಂಗಿನಮರ."

"ಮಗಳ ಮುಂದೆ ಹೇಳು."

"ಒಂದಾಳು."

"ಇಳಿಸು."

"ಸೊಂಟದ ತನಕ."

"ಇನ್ನೂ."

"ಮೊಣಕಾಲು" ಎಂದ ಮಹಾಂತೇಶ. "ಅಲೆ ಬಂತು. ಓಡಿಬಂದೆ."

"ಮತ್ತೆ ಆಂಡರ್ಸ್ ಜೊತೆ ತಳದಲ್ಲಿ ಕೈ ಕೈ ಹಿಡ್ಕೊಂಡು ಓಡಾಡಿದ್ದು?" ಲಾಸ್ಯ ಬಿಡಲಿಲ್ಲ.

"ಅವನು ದೋಣಿ ಹತ್ತಿ ಹೋದ. ನಾನು ದಡದಲ್ಲಿ ಅವನ ಚಪ್ಪಲಿ ಕಾಯ್ತಾ ಕೂತಿದ್ದೆ. ನಾಯಿ ಬಂದು ಒಂದನ್ನ ಎತ್ಕೊಂಡು ಹೋಯ್ತು."

ಮೊದಲು ನಕ್ಕದ್ದು ಲಾಸ್ಯ. ಆಮೇಲೆ ಪುಟ್ಟಬಸಮ್ಮ. ಹೇಮಶ್ರೀ ಮಾತ್ರ ತುಟಿ ಕಚ್ಚಿಕೊಂಡು ಚೀಲದ ಹತ್ತಿರ ಬಂದು ಕೂತಳು. ತೂಕದ ಕಲ್ಲಿನ ನಡುಪಟ್ಟಿ ಎತ್ತಿ ಪಕ್ಕಕ್ಕಿಟ್ಟಳು. ಕುಕ್ಕರ್ ಗ್ಯಾಸ್ಕೆಟ್ಟುಗಳನ್ನು ಅದರ ಮೇಲಿಟ್ಟಳು. ಹೊಸ ಪಟ್ಟಿಯ ಮುಖವಾಡವನ್ನು ಕೈಗೆತ್ತಿಕೊಂಡು, ಎರಡೂ ಕಡೆ ಎಳೆದು ನೋಡಿದಳು. ಪಟ್ಟಿ ಜಗ್ಗಲಿಲ್ಲ.

"ಇದೊಂದು ನಿಜವಾಗ್ಲೂ ಗಟ್ಟಿ ಮಾಡಿದೀರ. ಇದನ್ನ ತಗೊಂಡು ಹೋಗೋಣ."

"ಹೋಗೋಣ? ಅಂದ್ರೆ ನೀನಿನ್ನೂ ಇಳೀತೀಯಾ?"

"ದೋಣಿಯವರಿಗೆ ಇನ್ನೊಂದು ಫೋನ್ ಮಾಡ್ತೀನಿ. ಗಂಡನೂ ಹೊಸಬ್ರು ಅಂತ ಹೇಳ್ತೀನಿ. ಹೊಸಬರಿಗೆ ಒಬ್ಬೊಬ್ಬರಿಗೂ ಕೈ ಹಿಡಿಯೋರನ್ನ ಕೊಡ್ತಾರಂತೆ." ಮುಖವಾಡವನ್ನು ಚೀಲಕ್ಕೆ ಹಾಕಿ ಹೇಳಿದಳು. "ಇಷ್ಟು ದಿನ ನಿಮ್ಮ ಧೈರ್ಯ ನೋಡ್ಕೊಂಡು ನಾನು ಧೈರ್ಯ ತಂದ್ಕೊಂಡಿದ್ದೆ. ಅದು ಇಲ್ವೇ ಇಲ್ಲ ಅಂತ ಈಗ ಗೊತ್ತಾಯ್ತು. ಹಂಗಾದ್ರೆ ಇರೋದೆಲ್ಲ ನಂದೇ ಅಂತಾಯ್ತಲ್ಲ. ನೀವೂ ಇಳೀತೀರೋ ಇಲ್ವೋ ಹೇಳಿ. ಈ ಸಲ ನಿಜ ಹೇಳಿ."

ಮಹಾಂತೇಶ ಕೊರಳಿನ ಕರಡಿಗೆ ಮುಟ್ಟಿಕೊಂಡ. ಹಳೇ ದಾರ ಸವೆದಿತ್ತು, ಅವ್ವ ಹೇಳಿದ ಹಾಗೇ.

"ಹೆದರಿಕೆ ಆಗುತ್ತೆ ಕಣೆ" ಎಂದ.

"ಎಷ್ಟು?" ಎಂದರು ಪುಟ್ಟಬಸಮ್ಮ.

"ಚಾಮುಂಡಿ ಬೆಟ್ಟದಷ್ಟು. ಇಡೀ ಮೈಸೂರಲ್ಲಿ ನನ್ನಷ್ಟು ಹೆದರೋನು ಇನ್ನೊಬ್ಬ ಇಲ್ಲ ಅವ್ವ."

ಹೇಮಶ್ರೀ, ಲಾಸ್ಯ ಇಬ್ಬರೂ ದರ ಎಲ್ಲಿಗೆ ಇಳಿಯುತ್ತದೋ ಎಂದು ಪುಟ್ಟಬಸಮ್ಮನ ಮುಖ ನೋಡಿದರು. ಆಕೆ ಮಗನ ಹಿಂದೆ ಕೂತು, ಹಳೇ ದಾರ ಬಿಚ್ಚಿ ಹೊಸ ಶಿವದಾರ ಪೋಣಿಸಿ, ಎರಡು ಗಂಟು ಬಿಗಿದರು.

"ಅಷ್ಟಕ್ಕೇ ಇರ್ಲಿ, ಬುಡು" ಎಂದರು.