ಆರೇ ಸಾಲು

"ಇದು ಆಗೋ ಲೆಕ್ಕ ಅಲ್ಲ ಕಣೆ." ಆರ್ವಿಡ್ ಕೈಯಲ್ಲಿದ್ದ ರಾಣಿಯನ್ನು ಮೇಜಿನ ಮೇಲೆ ಕುಕ್ಕಿದ. "ಎಂಟು ರಾಣೀರನ್ನ ಕೂರ್ಸು ಅಂತೀಯ. ಎಲ್ಲಿ ಕೂರ್ಸಲಿ?"

ಲೋರೇನ್ ನಕ್ಕಳು. ಇಬ್ಬರೂ ಶಾಲಾ ಬಸ್ಸಿನ ಚಾಲಕರು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಇಳಿಸಿ, ಮತ್ತೆ ಮನೆಗೆ ಬಿಡುವ ಹೊತ್ತಾಗುವವರೆಗೆ, ಶೆಡ್ಡಿನ ಪಕ್ಕದ ಈ ಕೋಣೆಯಲ್ಲಿ ಚದುರಂಗದ ಹಲಗೆಯ ಮೇಲೆ ಒಬ್ಬರಿಗೊಬ್ಬರು ಸಮಸ್ಯೆ ಒಡ್ಡುತ್ತ ಹತ್ತೊಂಬತ್ತು ವರ್ಷ ಕಳೆದಿದ್ದರು. ಆಟ ಮಾತ್ರ ಆಡುತ್ತಿರಲಿಲ್ಲ; ಸೋತರೆ ಆರ್ವಿಡ್ ಎರಡು ದಿನ ಮಾತು ಬಿಡುತ್ತಿದ್ದ. ಇವತ್ತಿನದು ಹಳೆಯ ಸಮಸ್ಯೆಯೇ: ಒಬ್ಬಳ ದಾರಿಗೆ ಇನ್ನೊಬ್ಬಳು ಬೀಳದಂತೆ ಸಾಲಿಗೊಬ್ಬಳಂತೆ ಎಂಟು ರಾಣಿಯರನ್ನು ಕೂರಿಸಬೇಕು. ಮೊದಲನೆಯವಳನ್ನು ಲೋರೇನ್ ಅವನ ಎಡಗಡೆಯ ಮೂಲೆಯಲ್ಲಿ ಇಟ್ಟುಕೊಟ್ಟಿದ್ದಳು.

"ಒಬ್ಬಳನ್ನ ನಾನೇ ಕೂರ್ಸಿದೀನಲ್ಲೋ. ಮುದುಕ ಆದೆ ನೀನು."

"ಎಲ್ಲಿದಾಳೆ? ಆರು ಸಾಲಿನ ಹಲಗೆ ತಂದಿಟ್ಟು ನನ್ನನ್ನೇ ಮಂಗ ಮಾಡ್ತೀಯಾ?"

ತಮಾಷೆ ಎಂದುಕೊಂಡಳು. ಆದರೆ ಅವನು ಬಲಗಡೆಯಿಂದ ಬೆರಳಿಟ್ಟು ಎಣಿಸತೊಡಗಿದ. ಆರಕ್ಕೆ ಬೆರಳು ನಿಂತಿತು. ಆಚೆಗೆ ಇನ್ನೂ ಎರಡು ಸಾಲು, ಮೂಲೆಯಲ್ಲಿ ಬಿಳಿ ರಾಣಿ. ಅವನ ಕಣ್ಣು ಅತ್ತ ಹೋಗಲೇ ಇಲ್ಲ.

ಲೋರೇನ್ ಆಗ ಅವನ ಮುಖವನ್ನು ಸರಿಯಾಗಿ ನೋಡಿದಳು. ಬಲಗೆನ್ನೆ ನುಣ್ಣಗೆ ಬೋಳಿಸಿತ್ತು. ಎಡಗೆನ್ನೆಯ ಮೇಲೆ ಎರಡು ಮೂರು ದಿನದ ಬಿಳಿ ಗಡ್ಡ.

"ಆರ್ವಿಡ್, ಬೆಳಿಗ್ಗೆ ರೈಲು ಹಳಿ ದಾಟುವಾಗ ಎಡಗಡೆ ನೋಡಿದ್ಯಾ?"

"ನೋಡ್ದೆ ದಾಟ್ತೀನಾ? ಏನೂ ಇರ್ಲಿಲ್ಲ."

ಅವನ ಬಸ್ಸಿನಲ್ಲಿ ಮೂವತ್ತೊಂದು ಮಕ್ಕಳು. ಲೋರೇನ್‌ಳ ಕಣ್ಣು ಗೋಡೆಯತ್ತ ಹೋಯಿತು. ಗಡಿಯಾರದಲ್ಲಿ ಎರಡು ದಾಟಿತ್ತು. ಎರಡೂಕಾಲಿಗೆ ಬಸ್ಸುಗಳು ಹೊರಡಬೇಕು. ಅವನು ಕೀ ತೆಗೆದುಕೊಂಡು ಎದ್ದ. ಅವಳು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಕೀ ಕೊಡು."

"ಯಾಕೆ, ತಲೆ ಕೆಟ್ಟಿದ್ಯಾ ನಿಂಗೆ?"

"ಹೊರಗೆ ಬಸ್ಸು ಎಷ್ಟಿವೆ ಹೇಳು. ಸರಿ ಹೇಳಿದ್ರೆ ದಾರಿ ಬಿಡ್ತೀನಿ."

ಅವನು ಕಿಟಕಿಯತ್ತ ನೋಡಿದ. "ನಾಲ್ಕು. ಆಯ್ತಾ? ಈಗ ಪಕ್ಕಕ್ಕೆ ಸರಿ."

ಏಳು ಬಸ್ಸುಗಳಿದ್ದವು. ಅವಳು ಎರಡೂ ಕೈಗಳಿಂದ ಅವನ ಮುಖ ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸಿದಳು. ಅವನ ತುಟಿ ಅಲ್ಲಾಡಿತು. ಐದು. ಆರು. ಏಳು. ಕೊನೆಯದು ಅವನದೇ ಬಸ್ಸು.

"ಲೋರೇನ್," ಎಂದ. "ಬೆಳಿಗ್ಗೆ ನಾನು..." ಕೀಯನ್ನು ಅವಳ ಅಂಗೈಗೆ ಹಾಕಿ ಕುರ್ಚಿಯಲ್ಲಿ ಕುಸಿದ.

ಅವಳು ಆಂಬುಲೆನ್ಸಿಗೆ ಫೋನ್ ಮಾಡಿ, ಪಾರ್ಶ್ವವಾಯು ಇರಬಹುದು, ಎಡಗಡೆಯದ್ದು ಅವನ ಗಮನಕ್ಕೇ ಬರುತ್ತಿಲ್ಲ ಎಂದಳು. ಆಮೇಲೆ ಶೆಡ್ಡಿನ ಮೆಕ್ಯಾನಿಕ್ಕನನ್ನು ಕರೆದು, ಆರ್ವಿಡ್‌ನ ಬಸ್ಸು ಓಡಿಸಲು ಅವನ ಕೈಗೆ ಕೀ ಕೊಟ್ಟಳು. ಸ್ಟ್ರೆಚರಿನ ಮೇಲೆ ಮಲಗಿಸುವಾಗಲೂ ಆರ್ವಿಡ್ ಅವಳ ತೋಳು ಬಿಡಲಿಲ್ಲ.

"ಜೊತೆಗೆ ಬರ್ತೀನಿ ಕಣೋ."

"ಬೇಡ, ನೀನು ಹೋಗು. ಚಳೀಲಿ ಮಕ್ಕಳು ಕಾಯ್ತಿರ್ತಾವೆ," ಎಂದ. ಅದನ್ನು ತನ್ನ ಬಲಕ್ಕೆ, ಯಾರೂ ಇಲ್ಲದ ಜಾಗ ನೋಡಿಕೊಂಡು ಹೇಳಿದ.

ಆಂಬುಲೆನ್ಸ್ ಹೋದ ಮೇಲೆ ಲೋರೇನ್ ಅಂಗಳ ದಾಟಿ ತನ್ನ ಬಸ್ಸಿನತ್ತ ನಡೆದಳು. ಅವನ ಬಸ್ಸು ಆಗಲೇ ಹೊರಟುಹೋಗಿತ್ತು. ಅಂಗಳವೆಲ್ಲ ಹಿಮ ಬಿದ್ದು ಬೆಳ್ಳಗಾಗಿದ್ದರೂ ಅದು ನಿಂತಿದ್ದಲ್ಲಿ ಮಾತ್ರ ಬಸ್ಸಿನಷ್ಟೇ ಉದ್ದಗಲದ ಕಪ್ಪು ನೆಲ, ಒಣಗಿಯೇ ಇತ್ತು. ಅದರ ಮೇಲೆ ಸಣ್ಣ ಹಿಮ ಉದುರಿ ಕೂರತೊಡಗಿತ್ತು.